ಹೆಸರಿನ ಕೆಳಗಿನ ಒಂದು ಸಾಲು

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿಗೆ ಬಂದಾಗಲೆಲ್ಲ ರಾಜ್ಯಶಾಸ್ತ್ರದ ಎಂ.ಎ. ಮಕ್ಕಳು ಕೇಳುವುದು ಒಂದೇ ಪ್ರಶ್ನೆ: "ಸಾರ್, ಪಿಎಚ್‌ಡಿಗೆ ಯಾವ ಪ್ರೊಫೆಸರ್ ಒಳ್ಳೆಯವರು?" ಒಳ್ಳೆಯವರು ಅಂದರೆ ಬೇಗ ಸಹಿ ಹಾಕುವವರು. ನನಗೂ ಗೊತ್ತು ಬಿಡಿ. ಆದರೆ ಅವರ ಹೆಸರಿನ ಕೆಳಗೆ "ಸಂಶೋಧನಾ ಆಸಕ್ತಿ" ಅಂತ ಒಂದು ಸಾಲು ಇರುತ್ತದಲ್ಲ, ಮೊದಲು ಅದನ್ನು ಓದಿ.

ನಿಮ್ಮೂರಿನದೇ ಉದಾಹರಣೆ ತೆಗೆದುಕೊಳ್ಳೋಣ. 1978ರ ಉಪಚುನಾವಣೆ. ಡಿ.ಬಿ. ಚಂದ್ರೇಗೌಡರು ಸೀಟು ಬಿಟ್ಟುಕೊಟ್ಟರು. ಇಂದಿರಾ ಗಾಂಧಿ ಇಲ್ಲಿ ನಿಂತು ವೀರೇಂದ್ರ ಪಾಟೀಲರನ್ನು ಸೋಲಿಸಿದರು. ಮನೆಯಲ್ಲಿ ಹಿರಿಯರು ಹೇಳಿರುತ್ತಾರೆ, ಅಲ್ವಾ?

ಚುನಾವಣೆ ಓದುವ ಪ್ರೊಫೆಸರು ಹಿಂದಿನ ವರ್ಷಕ್ಕೆ ಹೋಗುತ್ತಾರೆ. 1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಕೊಂಡು ಹೋಗಿತ್ತು. ಕರ್ನಾಟಕದಲ್ಲಿ 28 ಲೋಕಸಭಾ ಸೀಟಿಗೆ 26 ಗೆದ್ದಿತ್ತು. ಯಾಕೆ? ಸಂಸತ್ತಿನ ಕಡೆ ಆಸಕ್ತಿ ಇರುವವರು 1978ರ ಡಿಸೆಂಬರ್‌ಗೆ ಬರುತ್ತಾರೆ. ನೀವು ಗೆಲ್ಲಿಸಿ ಕಳಿಸಿದವರನ್ನು ಲೋಕಸಭೆ ಹಕ್ಕುಚ್ಯುತಿ ಅಂತ ಹೊರಗೆ ಹಾಕಿತು.

ನನಗೆ ಇಷ್ಟವಾಗುವುದು ಮೂರನೆಯವರು, ಭೂಮಿಯ ರಾಜಕಾರಣ ಓದುವವರು. ಅವರು ಭಾಷಣ ಬಿಟ್ಟು ತಾಲ್ಲೂಕು ಕಚೇರಿಯ ಧೂಳು ಹಿಡಿದ ಕಟ್ಟು ಬಿಚ್ಚುತ್ತಾರೆ. ದೇವರಾಜ ಅರಸರ 1974ರ ಭೂಸುಧಾರಣೆ, ಭೂ ನ್ಯಾಯಮಂಡಳಿ, ಭೂಮಿ ತನ್ನ ಹೆಸರಿಗೆ ಮಾಡಿಕೊಡಿ ಅಂತ ಗೇಣಿದಾರ ಕೊಟ್ಟ ಅರ್ಜಿ, ಅಂದರೆ ಫಾರಂ ನಂಬರ್ 7. ಗೇಣಿಯ ಗದ್ದೆ ಉಳುವವನ ಹೆಸರಿಗೆ ಬರುವ ದಾರಿ ಆಯಿತು. ಆದರೆ ಕಾಫಿ ತೋಟಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇತ್ತು! ಒಂದೇ ಊರು. ಕೆಳಗಿನ ಗದ್ದೆಗೆ ಒಂದು ನ್ಯಾಯ, ಮೇಲಿನ ತೋಟಕ್ಕೆ ಇನ್ನೊಂದು. ಹಾಗಾದರೆ ಅಲ್ಲಿ ಗದ್ದೆ ಸಿಕ್ಕವನು ಯಾರಿಗೆ ವೋಟು ಹಾಕಿದ? ತೋಟದ ಲೈನಿನಲ್ಲಿದ್ದ ಕೂಲಿಯವನು? ಇಂಥ ಒಂದು ಪ್ರಶ್ನೆಗೆ ಐದು ವರ್ಷ ಕೊಟ್ಟರೂ ಸಾಲದು.

ಅಂತರರಾಷ್ಟ್ರೀಯ ಸಂಬಂಧ ಅಂದರೆ ಬರೀ ದೆಹಲಿ, ವಾಷಿಂಗ್ಟನ್ ಅಂದುಕೊಳ್ಳಬೇಡಿ. ಕಾಡು ಕಡಿದು ಬೆಳೆದ ಕಾಫಿ ನಮ್ಮಲ್ಲಿಗೆ ಬೇಡ ಅಂತ ಯುರೋಪಿಯನ್ ಒಕ್ಕೂಟ 2023ರಲ್ಲಿ ನಿಯಮ ಮಾಡಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ್ದಾಗಿರಬಾರದು. ಮೂಡಿಗೆರೆಯ ಎರಡೆಕರೆ ಬೆಳೆಗಾರ ತನ್ನ ತೋಟ ಎಲ್ಲಿದೆ ಅಂತ ಬ್ರಸೆಲ್ಸ್‌ಗೆ ಲೆಕ್ಕ ಒಪ್ಪಿಸಬೇಕಾದ ಕಾಲ ಬರುತ್ತಿದೆ. ಇದಕ್ಕಿಂತ ಜಾಸ್ತಿ ಅಂತರರಾಷ್ಟ್ರೀಯ ಯಾವುದಿದೆ?

ನಾನು ಮೊದಲು ಒಯ್ದ ಸಿನಾಪ್ಸಿಸ್‌ನ ಶೀರ್ಷಿಕೆ "ಕರ್ನಾಟಕ ರಾಜಕಾರಣ: ಒಂದು ಅಧ್ಯಯನ". ಗೈಡ್ ಅದನ್ನು ತೆರೆದು ನೋಡಲೇ ಇಲ್ಲ. "ಯಾವ ಊರು? ಯಾವ ವರ್ಷ?" ಅಂದರು. ನಾನು ಸುಮ್ನೆ ನಿಂತಿದ್ದೆ. ಬಸ್ ಚಾರ್ಜು ದಂಡ ಅಂತ ಮಾತ್ರ ಆಗ ಅನ್ನಿಸಿದ್ದು.

ಇನ್ನೊಂದು ವಿಷಯ. ಯುಜಿಸಿ ನಿಯಮದಲ್ಲಿ ಒಬ್ಬ ಪ್ರೊಫೆಸರ್ ಒಮ್ಮೆಗೆ 8 ಜನಕ್ಕಷ್ಟೇ ಗೈಡ್ ಆಗಬಹುದು. ಅಸೋಸಿಯೇಟ್ ಆದರೆ 6, ಅಸಿಸ್ಟೆಂಟ್ ಆದರೆ 4. ಸೀಟು ಖಾಲಿ ಇದೆಯಾ ಅಂತ ಕೇಳಲು ಹೋಗುವ ಮುಂಚೆ ಅವರ ಎರಡು ಲೇಖನ ಓದಿಕೊಂಡು ಹೋಗಿ. ಊರು ಮತ್ತು ವರ್ಷ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.