ನೇಪಾಳ ಎಂದರೆ ಚಳಿ, ಇಂಡಿಯಾ ಎಂದರೆ ಸೆಕೆ

ಕೇಳುಗರೆಲ್ಲರಿಗೂ ನಮಸ್ಕಾರ.

ನೇಪಾಳದ ಹಿಮಾಲಯದಲ್ಲಿರುವ ಯಾತ್ರಾಸ್ಥಳ ಮುಕ್ತಿನಾಥಕ್ಕೆ ಹೊರಟವರ ಸೂಟ್‌ಕೇಸು ಬಿಚ್ಚಿ ನೋಡಿ. ಎರಡು ಸ್ವೆಟರು, ಒಂದು ಶಾಲು, ಮಂಕಿ ಕ್ಯಾಪು, ಉಣ್ಣೆಯ ಕಾಲುಚೀಲ. ತೆಳು ಹತ್ತಿಯ ಅಂಗಿ ಹುಡುಕಿದರೂ ಸಿಗುವುದಿಲ್ಲ. ಹೊರಟಿರುವುದು ಮೇ ತಿಂಗಳಲ್ಲಿ. ಗೋರಖಪುರದಲ್ಲಿ ರೈಲಿಳಿದು, ಸುನೌಲಿಯಲ್ಲಿ ಗಡಿ ದಾಟಿ, ಆಚೆಯ ಭೈರಹವಾದಲ್ಲಿ ಬಸ್ಸಿಗೆ ಕಾಯುವಾಗ ಬಿಸಿಲು 40 ಡಿಗ್ರಿ ಮುಟ್ಟಿದ್ದರೆ ಆಶ್ಚರ್ಯವೇನಿಲ್ಲ. ನೇಪಾಳ ಎಂದರೆ ಹಿಮಾಲಯ, ಹಿಮಾಲಯ ಎಂದರೆ ಚಳಿ ಎಂದು ಶಾಲೆಯ ಗೋಡೆಯ ಮೇಲಿನ ನಕ್ಷೆ ನೋಡಿಯೇ ನಾವು ತೀರ್ಮಾನ ಮಾಡಿಬಿಟ್ಟಿರುತ್ತೇವೆ.

ಆ ನಕ್ಷೆಯಲ್ಲೇ ಇನ್ನೊಂದು ಸಂಗತಿ ಇದೆ. ಕಾಠ್ಮಂಡು ದೆಹಲಿಗಿಂತ ದಕ್ಷಿಣಕ್ಕಿದೆ. ನೇಪಾಳದ ದಕ್ಷಿಣದಂಚಿನ ತರಾಯಿ, ಬಿಹಾರ ಮತ್ತು ಉತ್ತರ ಪ್ರದೇಶದ ಗಂಗಾ ಬಯಲಿನ ಮುಂದುವರಿಕೆ. ಅದೇ ಮಣ್ಣು, ಅದೇ ಭತ್ತ, ಅದೇ ಮೈಥಿಲಿ, ಭೋಜಪುರಿ. ದೇಶದ ಅರ್ಧಕ್ಕಿಂತ ಹೆಚ್ಚು ಜನ ಇರುವುದು ಅಲ್ಲೇ. ಕರ್ಣಾಟ ವಂಶದ ನಾನ್ಯದೇವ 1097ರಲ್ಲಿ ಆಳ್ವಿಕೆ ಆರಂಭಿಸಿದ ಸಿಮ್ರೌನ್‌ಗಢವೂ ಈ ಬಯಲಲ್ಲೇ ಇದೆ. ನಮ್ಮ ನಾಡಿನ ಹೆಸರು ಹೊತ್ತ ಅರಸರು ಆಳಿದ ನೇಪಾಳ ಹಿಮದ ನಾಡೇನೂ ಆಗಿರಲಿಲ್ಲ.

ಗುಡ್ಡಗಾಡಿನ ನೇಪಾಳಿಗಳಿಗೂ ನಮ್ಮ ಬಗ್ಗೆ ಇಂಥದೇ ಒಂದು ಚಿತ್ರ ಇದೆ: ಇಂಡಿಯಾ ಎಂದರೆ ಸೆಕೆ, ಧೂಳು, ಸೊಳ್ಳೆ. ಅದಕ್ಕೆ ಕಾರಣವೂ ಇದೆ. ಬೆಟ್ಟ ಇಳಿದು ದುಡಿಯಲು ಬರುವವರು ಮೊದಲು ಕಾಣುವ ಇಂಡಿಯಾ ಗೋರಖಪುರ, ಲಖನೌ, ದೆಹಲಿ. ಅದಕ್ಕೂ ಹಿಂದೆ, ತರಾಯಿಯ ಕಾಡಿನ ಮಲೇರಿಯಾಕ್ಕೆ ಅವರಲ್ಲಿ 'ಔಲ್' ಎಂಬ ಹೆಸರಿತ್ತು. ಬೇಸಿಗೆಯಲ್ಲಿ, ಮಳೆಗಾಲದಲ್ಲಿ ಕೆಳಗಿಳಿದು ರಾತ್ರಿ ತಂಗಿದರೆ ಜೀವಕ್ಕೇ ಸಂಚಕಾರ ಎಂಬ ಭಯ. ತಲೆಮಾರುಗಳಿಂದ ಅಲ್ಲೇ ಬಾಳಿದ ಥಾರೂ ಜನರಿಗೆ ಮಾತ್ರ ಅದನ್ನು ತಡೆದುಕೊಳ್ಳುವ ಶಕ್ತಿ ಇತ್ತು. 1950ರ ದಶಕದಲ್ಲಿ ಸೊಳ್ಳೆ ಕೊಲ್ಲುವ ಡಿಡಿಟಿ ಸಿಂಪಡಣೆ ಶುರುವಾದ ಮೇಲೆ ಬೆಟ್ಟದವರು ತರಾಯಿಯ ಚಿತವನಕ್ಕೆ ಇಳಿದು ಗದ್ದೆ ಮಾಡಿದರು. ಔಲ್ ಹೋಯಿತು, ಬಯಲಿನ ಬಗೆಗಿನ ಅಳುಕು ಉಳಿಯಿತು. ಇಂಡಿಯಾದಲ್ಲೇ ಇರುವ, ಕಾರ್ಗಿಲ್ ಬಳಿಯ ದ್ರಾಸ್ ಚಳಿಗಾಲದಲ್ಲಿ ಹೇಗೆ ಹೆಪ್ಪುಗಟ್ಟುತ್ತದೆಂದು ಅವರಿಗೆ ಯಾರು ಹೇಳಬೇಕು!

ಇಲ್ಲಿ ಲೆಕ್ಕ ಹಿಡಿಯಬೇಕಾದದ್ದು ಎತ್ತರವನ್ನು. ಸಾವಿರ ಮೀಟರ್ ಮೇಲೇರಿದರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. 150 ಮೀಟರ್ ಎತ್ತರದ ನೇಪಾಲ್‌ಗಂಜ್‌ನಲ್ಲಿ 40 ಇದ್ದ ದಿನ 1,400 ಮೀಟರ್ ಎತ್ತರದ ಕಾಠ್ಮಂಡುವಿನಲ್ಲಿ 32ರ ಆಸುಪಾಸು. ಕಾಠ್ಮಂಡುವಿನಲ್ಲಿ ಹಿಮ ಬೀಳುವುದೇ ಅಪರೂಪ. 2007ರ ಫೆಬ್ರವರಿ 14ರಂದು ಬಿದ್ದಾಗ, 60 ವರ್ಷಗಳ ಮೇಲೆ ಬಿತ್ತೆಂದು ಊರಿಗೆ ಊರೇ ಬೀದಿಗಿಳಿದಿತ್ತು.

ಆದರೆ ಈ ಲೆಕ್ಕ ವರ್ಷಕ್ಕೊಮ್ಮೆ ತಲೆಕೆಳಗಾಗುತ್ತದೆ. ಡಿಸೆಂಬರ್ ಕೊನೆಯಿಂದ ಜನವರಿ ಪೂರ್ತಿ, ನೇಪಾಳದಲ್ಲಿ ಹಗಲು ನಡುಗುವುದು ಬೆಟ್ಟದವರಿಗಿಂತ ಹೆಚ್ಚಾಗಿ ಬಯಲಿನವರು. ಇದಕ್ಕೆ ಅಲ್ಲಿ ಶೀತಲಹರ್, ಅಂದರೆ ಚಳಿಯ ಅಲೆ, ಅನ್ನುತ್ತಾರೆ. ಗಾಳಿ ಅಲುಗದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ನೀರುಂಡ ಗೋಧಿ ಹೊಲಗಳ ತೇವ, ಒಲೆ ಮತ್ತು ಇಟ್ಟಿಗೆ ಗೂಡುಗಳ ಹೊಗೆ ಸೇರಿ ಮಂಜು ಕಟ್ಟುತ್ತದೆ. ಅದರ ಮೇಲೆ ಬಿಸಿ ಗಾಳಿಯ ಪದರ ಮುಚ್ಚಳ ಹಾಕಿದ ಹಾಗೆ ಕೂರುತ್ತದೆ. ಬೆಳಗಾದರೂ ಬಿಸಿಲು ನೆಲ ಮುಟ್ಟುವುದಿಲ್ಲ, ನೆಲ ಕಾಯದೆ ಮಂಜು ಕರಗುವುದಿಲ್ಲ. ಹೀಗೇ ದಿನಗಟ್ಟಲೆ. ಜನಕಪುರದಲ್ಲಿ ಮಧ್ಯಾಹ್ನವೂ 12 ಡಿಗ್ರಿ ಆಗಿಬಿಡಬಹುದು. ಕಾಠ್ಮಂಡುವಿನಲ್ಲಿ ಬೆಳಗಿನ ಜಾವ 2 ಡಿಗ್ರಿ ಇದ್ದರೂ ಮಧ್ಯಾಹ್ನ ಬಿಸಿಲೇರಿ 18 ಆಗುತ್ತದೆ, ಜನ ತಾರಸಿ ಮೇಲೆ ಚಾಪೆ ಹಾಸಿ ಕಿತ್ತಳೆ ಸುಲಿಯುತ್ತಾ ಮೈ ಕಾಯಿಸುತ್ತಾರೆ. ಬಯಲಿನ ಬಡವನಿಗೆ ಆ ಬಿಸಿಲಿಲ್ಲ. ಮನೆಗೆ ಬಿದಿರ ತಡಿಕೆಗೆ ಮಣ್ಣು ಮೆತ್ತಿದ ಗೋಡೆ, ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗದು, ಉರಿಸಲು ಹುಲ್ಲು ಬಿಟ್ಟರೆ ಬೇರೇನಿಲ್ಲ. ಚಳಿಗೆ ವಯಸ್ಸಾದವರು ಸತ್ತರೆಂಬ ಸುದ್ದಿ ಬರುವುದು ಇಲ್ಲಿಂದಲೇ. ಲುಂಬಿನಿ, ಜನಕಪುರಕ್ಕೆ ಆ ತಿಂಗಳು ಹೋಗುವವರು ಬೆಳಗಿನ ವಿಮಾನವನ್ನು ನಂಬಬೇಡಿ, ಮಂಜು ತಿಳಿಯಾಗುವ ಹೊತ್ತಿಗೆ ಮಧ್ಯಾಹ್ನವಾಗಿರುತ್ತದೆ.

ಮುಕ್ತಿನಾಥದ ದಾರಿಯಲ್ಲಿ ಇದಕ್ಕೆ ಉಲ್ಟಾ. ಪೊಖರಾದಿಂದ ಜೋಮ್‌ಸೋಮ್‌ಗೆ ವಿಮಾನ ಹಾರುವುದೇ ಬೆಳಗ್ಗೆ. ಧೌಲಾಗಿರಿ, ಅನ್ನಪೂರ್ಣ ಎರಡೂ 8,000 ಮೀಟರ್ ಮೀರಿದ ಶಿಖರಗಳು. ನಡುವಿನ ಕಾಳಿಗಂಡಕಿ ಕಣಿವೆ ಕೊಳವೆಯಂತಿದೆ. ಬಿಸಿಲೇರಿ ಮೇಲಿನ ಒಣ ಪ್ರಸ್ಥಭೂಮಿ ಕಾದರೆ ಅಲ್ಲಿಯ ಗಾಳಿ ಮೇಲೇಳುತ್ತದೆ, ಆ ಜಾಗ ತುಂಬಲು ಕೆಳಗಿನ ಗಾಳಿ ಕಣಿವೆಯೊಳಗೆ ನುಗ್ಗುತ್ತದೆ. ಹನ್ನೊಂದರ ಮೇಲೆ ಮರಳು ಮುಖಕ್ಕೆ ರಾಚುತ್ತದೆ. ಮಳೆಯೂ ಹಾಗೇ. ಪೊಖರಾ ಪಕ್ಕದ ಲುಮ್ಲೆಯಲ್ಲಿ ವರ್ಷಕ್ಕೆ 5,000 ಮಿ.ಮೀ. ದಾಟಿದರೆ, ನೇರ ಅಳೆದರೆ 60 ಕಿ.ಮೀ. ಒಳಗಿರುವ ಜೋಮ್‌ಸೋಮ್‌ನಲ್ಲಿ 300 ಕೂಡ ಇಲ್ಲ. ಆಗುಂಬೆ, ಚಳ್ಳಕೆರೆ ಬಲ್ಲ ನಮಗೆ ಮಳೆನೆರಳು ಹೊಸದಲ್ಲ.

ಯಾತ್ರಿಕರು ಎಡವುವುದು ಚಳಿಯಲ್ಲಲ್ಲ, ಅವಸರದಲ್ಲಿ. ಪೊಖರಾ 820 ಮೀಟರ್, ಜೋಮ್‌ಸೋಮ್ ಸುಮಾರು 2,700, ಮುಕ್ತಿನಾಥ 3,700ರ ಮೇಲೆ. ಮೂರನ್ನೂ ಒಂದೇ ಹಗಲಲ್ಲಿ ಮುಗಿಸಿ ದೇವಸ್ಥಾನದ 108 ನೀರಿನ ಧಾರೆಯ ಕೆಳಗೆ ತಲೆಯೊಡ್ಡಿದರೆ ತಲೆನೋವು, ವಾಂತಿ, ಏದುಸಿರು. ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರನೇ ಎರಡು ಪಾಲಿಗೂ ತುಸು ಕಡಿಮೆ. ಜೋಮ್‌ಸೋಮ್‌ನಲ್ಲೋ ಕಾಗ್ಬೇನಿಯಲ್ಲೋ ಒಂದು ರಾತ್ರಿ ತಂಗಿ. ತಲೆನೋವು ಏರುತ್ತಿದ್ದರೆ ಮಾತ್ರೆ ನುಂಗಿ ಮೇಲೆ ಹತ್ತಬೇಡಿ, ಕೆಳಗಿಳಿಯಿರಿ. ಒಣಬಟ್ಟೆ ಕೈಗೆ ಸಿಗುವಂತಿಟ್ಟುಕೊಂಡೇ ಧಾರೆಗೆ ಹೋಗಿ.

ಇನ್ನು ಮನುಷ್ಯರ ಮಾತು. ನಾವು ಎಲ್ಲ ನೇಪಾಳಿಗಳನ್ನೂ 'ಬಹಾದ್ದೂರ್' ಮಾಡುತ್ತೇವೆ, ರಾತ್ರಿ ಸೀಟಿ ಊದುವ ಗೂರ್ಖಾ ಮಾಡುತ್ತೇವೆ. ಅಲ್ಲಿ ಬಯಲಿನವರನ್ನೂ ಭಾರತೀಯರನ್ನೂ ಹಂಗಿಸಲು 'ಧೋತಿ' ಅನ್ನುತ್ತಾರೆ. ಸೆಕೆಗೆ ತಕ್ಕ ಉಡುಪು ಬೈಗುಳವಾದದ್ದು ವಿಚಿತ್ರವೇ. ಅಂದಹಾಗೆ ಪಶುಪತಿನಾಥನನ್ನು ಪೂಜಿಸುವ ಭಟ್ಟರು ನಮ್ಮ ಕರ್ನಾಟಕದಿಂದ ಹೋದವರು.

ಊಟದ ವಿಷಯಕ್ಕೆ ಬಂದರೆ ನಮಗೆ ನೇಪಾಳ ಎಂದರೆ ಮೋಮೋ. ಬೆಟ್ಟದ ಮನೆಗಳಲ್ಲಿ ಬೇಯುವುದು ಮುದ್ದೆಯಂಥ ಧಿಂಡೋ, ಅದೂ 'ಕೋದೊ' ಹಿಟ್ಟಿನದು. ಕೋದೊ ಎಂದರೆ ಹಾರಕ ಎಂದುಕೊಳ್ಳಬೇಡಿ, ನೇಪಾಳಿಯಲ್ಲಿ ಅದು ರಾಗಿ. ಮಳೆಗಾಲದಲ್ಲಿ ನಿಂತ ಮುಸುಕಿನ ಜೋಳದ ಸಾಲುಗಳ ನಡುವೆ ಪೈರು ನೆಡುತ್ತಾರೆ, ಜೋಳ ಕೊಯ್ದ ಮೇಲೆ ಹೊಲ ರಾಗಿಯ ಪಾಲು. ನಾವು ಮುದ್ದೆಗೆ ಕುದಿವ ನೀರಿನ ನಡುವೆ ಹಿಟ್ಟು ಗುಡ್ಡೆ ಹಾಕಿ, ಬೆಂದ ಮೇಲೆ ಕೋಲಾಡಿಸುತ್ತೇವೆ. ಅವರು ಒಂದು ಲೋಟ ಹಿಟ್ಟಿಗೆ ಎರಡೂವರೆ, ಮೂರು ಲೋಟ ನೀರಿಟ್ಟು, ಹಿಟ್ಟನ್ನು ಹಿಡಿಹಿಡಿಯಾಗಿ ಉದುರಿಸುತ್ತಾ ಮೊದಲಿಂದಲೇ ತಿರುವುತ್ತಾರೆ. ಒಮ್ಮೆಗೇ ಸುರಿದು ಕಲಕಿದರೆ ಗಂಟು ಖಂಡಿತ. ಉಂಡೆ ಕಟ್ಟದೆ ತಟ್ಟೆಗೆ ಮೆತ್ತಗೆ ಹಾಕಿ, ಹುಳಿಯೇರಿಸಿ ಒಣಗಿಸಿದ ಸಾಸಿವೆ ಸೊಪ್ಪಿನ ಗುಂಡ್ರುಕ್ ಸಾರು ಬಿಡುತ್ತಾರೆ. ಬೆರಳಲ್ಲಿ ಮುರಿದು ಸಾರಿನಲ್ಲಿ ಅದ್ದಿ ನುಂಗುವುದು. ಅಗಿಯುವ ಹಾಗಿಲ್ಲ.

ನಮಸ್ಕಾರ.