ಎಲ್ಲಿ ಬಿತ್ತು, ನೀನೇ ಹೇಳು

ಎಲ್ಲರಿಗೂ ನಮಸ್ಕಾರ.

ಹತ್ತು ಮೀಟರ್ ಏರ್ ರೈಫಲ್‌ನ ಗುರಿ ಹಾಳೆಯನ್ನು ಹತ್ತಿರದಿಂದ ನೋಡಿದ್ದೀರಾ? ಅದರಲ್ಲಿ ತೀರಾ ಹೊರಗಿನ ವೃತ್ತದ ಅಗಲವೇ 45.5 ಮಿಲಿಮೀಟರ್. ನಡುವೆ ಹತ್ತು ಅಂಕ ಕೊಡುವ ಜಾಗ ಬರೀ ಅರ್ಧ ಮಿಲಿಮೀಟರಿನ ಚುಕ್ಕಿ. ನಾವು ಹಾರಿಸುವ ಪೆಲೆಟ್ 4.5 ಮಿಲಿಮೀಟರ್ ದಪ್ಪ. ಗುರಿಗಿಂತ ಗುಂಡೇ ಒಂಬತ್ತು ಪಟ್ಟು ದೊಡ್ಡದು! ನಿಂತ ಜಾಗದಿಂದ ಆ ಚುಕ್ಕಿ ಕಣ್ಣಿಗೆ ಕಾಣುವುದೂ ಇಲ್ಲ.

ನನ್ನ ಮಗಳು ಈ ಹಾಳೆಯ ಎದುರು ಮೊದಲ ಸಲ ನಿಂತಾಗ ಅವಳಿಗೆ 11 ವರ್ಷ. ತರಗತಿಯಲ್ಲಿ ಉತ್ತರ ಗೊತ್ತಿದ್ದರೂ ಕೈ ಎತ್ತುತ್ತಿರಲಿಲ್ಲ. ಚಿತ್ರ ಬಿಡಿಸಲಿ, ಲೆಕ್ಕ ಮಾಡಲಿ, ಮುಗಿದ ತಕ್ಷಣ ನನ್ನ ಮುಖ ನೋಡುತ್ತಿದ್ದಳು. "ಸರಿ ಇದೆಯಾ ಅಪ್ಪಾ?" ನನ್ನ ಹುಬ್ಬು ಸ್ವಲ್ಪ ಗಂಟಾದರೂ ಸಾಕು, ಅವಳ ಮುಖ ಬಾಡುತ್ತಿತ್ತು. ಇವತ್ತು ನಾನು ಮಾತಾಡಲು ಬಂದಿರುವುದು ಆ ನೋಟದ ಬಗ್ಗೆಯೇ.

ಮೊದಲು ಸುರಕ್ಷತೆಯ ಮಾತು. ಏರ್ ರೈಫಲ್ ಆಟದ ಸಾಮಾನಲ್ಲ. ಅದರ ಪೆಲೆಟ್ ಕಣ್ಣು ಕಳೆಯಬಲ್ಲದು. ರೈಫಲ್ ಖಾಲಿ ಇದೆ ಎಂದು ಗೊತ್ತಿದ್ದರೂ ಗುಂಡು ತುಂಬಿದೆ ಎಂದೇ ತಿಳಿದು ಹಿಡಿಯಬೇಕು. ನಳಿಕೆ ಯಾವಾಗಲೂ ಗುರಿಯ ಕಡೆಗೇ ಇರಬೇಕು. ಹೊಡೆಯಲು ಸಿದ್ಧವಾಗುವವರೆಗೂ ಬೆರಳು ಟ್ರಿಗರ್ ಮೇಲೆ ಹೋಗಬಾರದು. ಗುರಿಯ ಹಿಂದೆ ಏನಿದೆ ಎಂದು ತಿಳಿದಿರಬೇಕು. ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಸಿ. ಕಲಿಸಲು ತರಬೇತುದಾರರು ಇರುವ ಶೂಟಿಂಗ್ ರೇಂಜ್‌ಗೇ ಹೋಗಿ. ವಯಸ್ಸಿನ ನಿಯಮ, ಪರವಾನಗಿಯ ನಿಯಮ ಒಂದೊಂದು ಕಡೆ ಒಂದೊಂದು ಥರ. ಕೇಳಿ ತಿಳಿದುಕೊಂಡೇ ಹೆಜ್ಜೆ ಇಡಿ.

ಈ ನಿಯಮಗಳ ಜೊತೆಗೆ ನನಗೆ ತುಂಬಾ ಇಷ್ಟವಾದ ಇನ್ನೊಂದಿದೆ. ರೇಂಜ್‌ನಲ್ಲಿ ಅಪಾಯ ಕಂಡವರು ಯಾರಾದರೂ ಸರಿ, "ಸ್ಟಾಪ್" ಎಂದು ಕೂಗಬಹುದು. ಕೂಗಿದ್ದು ತರಬೇತುದಾರರೋ, ಮೊದಲ ದಿನ ಬಂದ ಮಗುವೋ ಎಂದು ಯಾರೂ ನೋಡುವುದಿಲ್ಲ. ಎಲ್ಲರೂ ನಿಲ್ಲಿಸಲೇಬೇಕು. ಯೋಚನೆ ಮಾಡಿ, ಮಗುವಿನ ಒಂದು ಮಾತಿಗೆ ದೊಡ್ಡವರೆಲ್ಲ ಕೈಯಲ್ಲಿದ್ದ ಕೆಲಸ ಬಿಡುವ ಜಾಗ ಬೇರೆ ಎಲ್ಲಿದೆ? ಮೂರನೇ ವಾರ ಇರಬೇಕು, ನಾನು ಪಕ್ಕದವರ ಜೊತೆ ಮಾತಾಡುತ್ತಾ ರೈಫಲ್ ಕೈಯಲ್ಲಿ ಹಿಡಿದೇ ತಿರುಗಿದೆ. ನಳಿಕೆ ಗುರಿ ಬಿಟ್ಟು ಪಕ್ಕಕ್ಕೆ ವಾಲಿತು. "ಸ್ಟಾಪ್!" ಅಂದಳು ಮಗಳು. ಸಣ್ಣ ದನಿ, ಆದರೆ ಎಲ್ಲರಿಗೂ ಕೇಳಿಸಿತು. ಎಲ್ಲರೂ ರೈಫಲ್ ಇಳಿಸಿದರು. ನಾನೂ ಇಳಿಸಿ, "ತಪ್ಪು ನನ್ನದು, ಹೇಳಿದ್ದು ಒಳ್ಳೆಯದಾಯಿತು" ಎಂದೆ. ನೂರು ಸಲ ಬೆನ್ನು ತಟ್ಟಿದರೂ ಸಿಗದ ಏನೋ ಅವತ್ತು ಅವಳಿಗೆ ಸಿಕ್ಕಿತು.

ಈಗ ಹೊಡೆಯುವ ವಿಷಯ. ಗುರಿ ಅಂದ ಕೂಡಲೇ ನಮಗೆ ಅರ್ಜುನ ನೆನಪಾಗುತ್ತಾನೆ, ಅಲ್ವಾ? ಹಕ್ಕಿಯ ಕಣ್ಣು ಬಿಟ್ಟು ಅವನಿಗೆ ಬೇರೇನೂ ಕಾಣಲಿಲ್ಲ ಎನ್ನುತ್ತೇವೆ. ರೈಫಲ್‌ನಲ್ಲಿ ಹಾಗಲ್ಲ. ಗುರಿ ಹಿಡಿಯಲು ರೈಫಲ್ ಮೇಲೆ ಇರುವ ಭಾಗಕ್ಕೆ ಸೈಟು ಎನ್ನುತ್ತಾರೆ. ಹತ್ತಿರದ ಸೈಟು, ದೂರದ ಗುರಿ ಎರಡನ್ನೂ ಕಣ್ಣು ಒಟ್ಟಿಗೆ ಸ್ಪಷ್ಟವಾಗಿ ಹಿಡಿಯಲಾರದು. ಹಾಗಾಗಿ ನೋಟ ಇರಬೇಕಾದದ್ದು ನಳಿಕೆಯ ತುದಿಯ ಸೈಟಿನ ಮೇಲೆ. ಗುರಿ ಮಸುಕಾಗಿ ಕಂಡರೆ ಕಾಣಲಿ. ಗುರಿಯನ್ನೇ ದಿಟ್ಟಿಸುವ ಮಗುವಿನ ಸೈಟು ಗೊತ್ತಿಲ್ಲದೆ ಜಾರುತ್ತದೆ. "ದೂರದ್ದು ಬಿಡು, ನಿನ್ನ ಹತ್ತಿರ ಇರುವುದನ್ನು ನೋಡು" ಎಂದು ತರಬೇತುದಾರರು ಹೇಳಿದಾಗ ಮಗಳ ಹೆಗಲು ಸಡಿಲವಾದದ್ದು ನನಗೆ ಕಾಣಿಸಿತು.

ಇನ್ನೊಂದು ಕಷ್ಟ ಇತ್ತು. ಟ್ರಿಗರ್ ಒತ್ತಿದ ಮರುಕ್ಷಣವೇ ಅವಳು ತಲೆ ಎತ್ತಿಬಿಡುತ್ತಿದ್ದಳು. ಬಿತ್ತಾ ಇಲ್ವಾ ನೋಡುವ ಆತುರ. ಆದರೆ ಟ್ರಿಗರ್ ಒತ್ತಿದ ಮೇಲೂ ಪೆಲೆಟ್ ನಳಿಕೆ ದಾಟಲು ಕಣ್ಣೆವೆ ಬಡಿಯುವುದಕ್ಕಿಂತ ಕಡಿಮೆಯಾದರೂ ಒಂದಿಷ್ಟು ಹೊತ್ತು ಬೇಕು. ಅಷ್ಟರಲ್ಲಿ ಕೆನ್ನೆ ಕದಲಿದರೆ ನಳಿಕೆಯೂ ಕದಲುತ್ತದೆ. ಏನಾಯಿತು ಎಂದು ನೋಡುವ ಆತುರವೇ ಆಗಬೇಕಾದದ್ದನ್ನು ಕೆಡಿಸುತ್ತದೆ. ನನ್ನ ಮುಖ ನೋಡುವ ಅಭ್ಯಾಸ ಇಲ್ಲಿಗೂ ಬಂದಿತ್ತು ನೋಡಿ.

ಇದಕ್ಕೆ ತರಬೇತುದಾರರು ಕೊಟ್ಟ ಮದ್ದು ಬಹಳ ಸರಳ. ಹೊಡೆದ ಮೇಲೂ ಕೆನ್ನೆ ಅಲ್ಲೇ ಇರಲಿ, ಕಣ್ಣು ಸೈಟಿನ ಮೇಲೇ ಇರಲಿ. ನಿಧಾನವಾಗಿ ಒಂದು, ಎರಡು ಎಣಿಸು. ಆಮೇಲೆ ಹಾಳೆ ನೋಡುವ ಮೊದಲೇ ಹೇಳು, ಎಲ್ಲಿ ಬಿತ್ತು? ಟ್ರಿಗರ್ ಒತ್ತಿದ ಗಳಿಗೆಯಲ್ಲಿ ಸೈಟು ಎಲ್ಲಿತ್ತು ಎಂಬುದು ನೆನಪಿದ್ದರೆ ಉತ್ತರ ಅಲ್ಲೇ ಇದೆ. ಶೂಟರ್‌ಗಳು ಇದನ್ನು ಶಾಟ್ ಕಾಲ್ ಮಾಡುವುದು ಎನ್ನುತ್ತಾರೆ.

ಮೊದಮೊದಲು ಮಗಳು, "ಗೊತ್ತಿಲ್ಲ" ಅನ್ನುತ್ತಿದ್ದಳು. ಆಮೇಲೆ ನನ್ನನ್ನು ಮೆಚ್ಚಿಸಲು, "ಹತ್ತು" ಅನ್ನುತ್ತಿದ್ದಳು. ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಹತ್ತು ಬಿದ್ದಾಗ ಜೋರಾಗಿ ಚಪ್ಪಾಳೆ ಹೊಡೆದೆ, ಐದು ಬಿದ್ದಾಗ ಸುಮ್ನಾದೆ. ಅವಳಿಗೆ ಗುರಿಗಿಂತ ನನ್ನ ಚಪ್ಪಾಳೆಯೇ ಮುಖ್ಯವಾಗುತ್ತಾ ಬಂತು. ಅದನ್ನು ಬಿಡಲು ನನಗೆ ತಿಂಗಳುಗಳೇ ಹಿಡಿದವು. ಒಂದು ದಿನ ಅವಳು ರೈಫಲ್ ಇಳಿಸಿ, "ಆರು. ಎಡಕ್ಕೆ, ಕೆಳಗೆ. ಒತ್ತುವಾಗ ಎಳೆದುಬಿಟ್ಟೆ" ಎಂದಳು. ಹಾಳೆ ತಂದು ನೋಡಿದರೆ ಆರು, ಎಡಕ್ಕೆ, ಕೆಳಗೆ. ಅಂಚು ಹರಿದ ಪುಟ್ಟ ತೂತು. ಅವಳು ಅದರ ಮೇಲೆ ಬೆರಳಾಡಿಸಿದಳು. ಸಿಕ್ಕಿದ್ದು ಆರೇ ಅಂಕ, ಆದರೆ ಮುಖ ಅರಳಿತ್ತು. ತನ್ನ ಕೈ ಏನು ಮಾಡಿತು ಎಂದು ಅವಳಿಗೇ ಗೊತ್ತಿತ್ತು. ಯಾರನ್ನೂ ಕೇಳಬೇಕಾಗಿರಲಿಲ್ಲ.

ಆದ್ದರಿಂದ ಅಪ್ಪ ಅಮ್ಮಂದಿರಿಗೆ ನನ್ನ ಕೋರಿಕೆ. ಅಂಕ ಕೇಳುವುದನ್ನು ಸ್ವಲ್ಪ ಮುಂದಕ್ಕೆ ಹಾಕಿ. ಐದು ಗುಂಡುಗಳೂ ಒತ್ತೊತ್ತಾಗಿ ಒಂದೇ ಕಡೆ ಬಿದ್ದಿವೆಯಾ ನೋಡಿ. ಗುಂಪು ಮೂಲೆಯಲ್ಲಿದ್ದರೂ ಚಿಂತೆಯಿಲ್ಲ, ಸೈಟಿನ ತಿರುಪು ಬೇಕಾದಷ್ಟು ತಿರುಗಿಸಿದರೆ ಅದು ನಡುವಿಗೆ ಬರುತ್ತದೆ. ಮಗು ಪ್ರತಿ ಸಲವೂ ಒಂದೇ ರೀತಿ ಹೊಡೆಯುತ್ತಿದೆ ಎಂದು ಗುಂಪು ಹೇಳುತ್ತದೆ. ಒಂದು ಹತ್ತು, ನಾಲ್ಕು ಚೆಲ್ಲಾಪಿಲ್ಲಿ ಆಗಿದ್ದರೆ ಆ ಹತ್ತು ಅದೃಷ್ಟದ್ದು.

ಮಗುವಿಗೆ ಭಾರವನ್ನೂ ಜಾಸ್ತಿ ಹೊರಿಸಬೇಡಿ. ಸ್ಪರ್ಧೆಯ ರೈಫಲ್ 5.5 ಕಿಲೋವರೆಗೂ ಇರಬಹುದು. ಎಳೆಯ ತೋಳು ನಡುಗಿದರೆ ಅದನ್ನು ಅಂಜಿಕೆ ಅಂದುಕೊಳ್ಳಬೇಡಿ. ರೈಫಲ್‌ಗೆ ಕೆಳಗಿನಿಂದ ಆಸರೆ ಕೊಟ್ಟು ಶುರು ಮಾಡಿಸಿ. ಗುರಿ ಹಿಡಿದು ಹತ್ತು ಸೆಕೆಂಡು ದಾಟಿತೇ? ಆಗ ಕಣ್ಣು ದಣಿಯುತ್ತದೆ, ಕೈ ತೂಗುತ್ತದೆ. ಹೊಡೆಯದೆ ಇಳಿಸಲು ಹೇಳಿ. ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನಲ್ಲಿ 60 ಗುಂಡುಗಳಿಗೆ 75 ನಿಮಿಷ ಕೊಡುತ್ತಾರೆ. ಇಳಿಸಿ, ಉಸಿರು ತೆಗೆದುಕೊಂಡು, ಮತ್ತೆ ಎತ್ತಿದರೆ ಅಂಕ ಕಡಿತ ಇಲ್ಲ. "ಈ ಸಲ ಬೇಡ" ಎಂದು ತಾನೇ ನಿರ್ಧರಿಸಿ ರೈಫಲ್ ಇಳಿಸಿದ ಮಗುವನ್ನು ನಾನು ಹತ್ತು ಹೊಡೆದ ಮಗುವಿಗಿಂತ ಹೆಚ್ಚು ಮೆಚ್ಚುತ್ತೇನೆ.

ಒಮ್ಮೆ ಮಗಳು ನನ್ನ ಹಾಳೆಗೆ ಹೊಡೆದುಬಿಟ್ಟಳು. ಅಕ್ಕಪಕ್ಕ ನಿಂತಿದ್ದೆವು, ಅವಳ ನೋಟ ಪಕ್ಕದ ಗುರಿಗೆ ಹೋಗಿತ್ತು. ಗೊತ್ತಾದ ಕೂಡಲೇ ಕಣ್ಣಲ್ಲಿ ನೀರು. ಆಗ ಮ್ಯಾಥ್ಯೂ ಎಮ್ಮನ್ಸ್ ಕಥೆ ಹೇಳಿದೆ. ಅಮೆರಿಕದ ಈ ಶೂಟರ್ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಮಂಡಿಯೂರಿ, ಮಲಗಿ, ನಿಂತು ಹೀಗೆ ಮೂರು ಭಂಗಿಗಳಲ್ಲಿ ಹೊಡೆಯುವ 50 ಮೀಟರ್ ರೈಫಲ್ ಸ್ಪರ್ಧೆಯ ಫೈನಲ್ ಆಡುತ್ತಿದ್ದರು. ಎಲ್ಲರಿಗಿಂತ ಮುಂದಿದ್ದರು. ಕೊನೆಯ ಗುಂಡು ಪಕ್ಕದವರ ಗುರಿಗೆ ಹೋಯಿತು. ಅಂಕ ಸೊನ್ನೆ. ಚಿನ್ನದ ಬದಲು ಎಂಟನೇ ಸ್ಥಾನ. ಮಗಳು ಕಣ್ಣೊರೆಸಿಕೊಂಡು, "ಆಮೇಲೆ ಬಿಟ್ಟುಬಿಟ್ಟರಾ?" ಎಂದಳು. ಇಲ್ಲ, 2008ರಲ್ಲಿ ಬೆಳ್ಳಿ ಗೆದ್ದರು, 2012ರಲ್ಲಿ ಕಂಚು. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ತನ್ನ ಗುರಿಯ ನಂಬರನ್ನು ಗಟ್ಟಿಯಾಗಿ ಓದಿಕೊಂಡು ರೈಫಲ್ ಎತ್ತಿದಳು. ಈಗಲೂ ಪ್ರತಿ ಸಲ ಓದುತ್ತಾಳೆ.

ಅವಳ ಜೊತೆ ನಾನೂ ಹೊಡೆಯುತ್ತೇನೆ. ನೀವೂ ಹಿಂದೆ ಕುರ್ಚಿ ಹಾಕಿಕೊಂಡು ಕೂರಬೇಡಿ, ಪಕ್ಕದಲ್ಲಿ ನಿಂತು ಕಲಿಯಿರಿ. ಅಪ್ಪನಿಗೂ ಗುರಿ ತಪ್ಪುತ್ತದೆ ಎಂದು ಮಗು ಕಣ್ಣಾರೆ ನೋಡಬೇಕು.

ಹೋದ ವಾರ ನಾನು ಹೊಡೆದು, ಎಂದಿನಂತೆ ಆತುರದಲ್ಲಿ ಹಾಳೆ ಎಳೆದುಕೊಳ್ಳಲು ಕೈ ಚಾಚಿದೆ. ಅವಳು ನನ್ನ ಕೈ ಹಿಡಿದಳು.

"ಅಪ್ಪಾ, ಆಮೇಲೆ ನೋಡು. ಎಲ್ಲಿ ಬಿತ್ತು, ಮೊದಲು ನೀನೇ ಹೇಳು."