ನಾಲ್ಕನೇ ಮಹಡಿಯ ರಕಾರ

ಎಲ್ಲರಿಗೂ ನಮಸ್ಕಾರ. ಇಂಗ್ಲಿಷಿನ ಯಾವ ಉಚ್ಚಾರಣೆ ಸರಿ ಎಂಬ ಪ್ರಶ್ನೆ ಇಂಥ ಸಭೆಗಳಲ್ಲಿ ಎದ್ದೇ ಏಳುತ್ತದೆ. ಎಲ್ಲಿಯ ಇಂಗ್ಲಿಷು, ಯಾರ ಬಾಯಿಯದು ಎಂದು ಕೇಳದೆ ಅದಕ್ಕೆ ಉತ್ತರವೇ ಇಲ್ಲ. ರಕಾರ ಒಂದನ್ನೇ ಹಿಡಿದು ನೋಡೋಣ.

1962ರಲ್ಲಿ ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲಬೋವ್, ಯಾರು ರಕಾರ ನುಡಿಯುತ್ತಾರೆ, ಯಾರು ಬಿಡುತ್ತಾರೆ ಎಂದು ನೋಡಲು ನ್ಯೂಯಾರ್ಕಿನ ಮೂರು ದೊಡ್ಡ ಅಂಗಡಿಗಳಿಗೆ ಹೋದರು. ಸ್ಯಾಕ್ಸ್ ದುಬಾರಿ, ಮೇಸೀಸ್ ಮಧ್ಯಮ, ಎಸ್. ಕ್ಲೈನ್ ಅಗ್ಗ. ನಾಲ್ಕನೇ ಮಹಡಿಯಲ್ಲಿ ಏನು ಸಿಗುತ್ತದೆಂದು ಮೊದಲೇ ತಿಳಿದುಕೊಂಡು, ‘ಅದೆಲ್ಲಿದೆ?’ ಎಂದು ಅಲ್ಲಿನ ಕೆಲಸಗಾರರನ್ನು ಕೇಳುವುದು. ‘ಫೋರ್ತ್ ಫ್ಲೋರ್’ ಎನ್ನದೆ ಅವರಿಗೆ ಬೇರೆ ದಾರಿಯಿಲ್ಲ! ಅದರಲ್ಲಿ ಎರಡು ರಕಾರ: ಒಂದು ವ್ಯಂಜನಕ್ಕೆ ಮುಂಚೆ, ಇನ್ನೊಂದು ಪದದ ಕೊನೆಗೆ. ಆಮೇಲೆ ಕೇಳಿಸದವರಂತೆ ಮುಂದೆ ಬಾಗಿ ‘ಏನಂದಿರಿ?’ ಎನ್ನುವುದು. ಅದೇ ಉತ್ತರ ಈಗ ಒತ್ತಿ, ಬಿಡಿಸಿ ಬರುತ್ತದೆ. ಆಚೆ ಸರಿದು ಬರೆದುಕೊಳ್ಳುವುದು. ಹೀಗೆ 264 ಜನ. ಒಮ್ಮೆಯಾದರೂ ರಕಾರ ನುಡಿದವರು ಸ್ಯಾಕ್ಸಿನಲ್ಲಿ ಶೇ. 62, ಮೇಸೀಸಿನಲ್ಲಿ 51, ಕ್ಲೈನಿನಲ್ಲಿ ಸುಮಾರು 20. ಬಿಡಿಸಿ ಹೇಳುವಾಗ ರಕಾರ ಹೆಚ್ಚಾಯಿತು. ಅಂದರೆ ಅಲ್ಲಿ ರಕಾರ ನುಡಿಯುವುದೇ ದೊಡ್ಡಸ್ತಿಕೆ.

ಈಗ ಲಂಡನ್ನಿಗೆ ಬನ್ನಿ. ಅಲ್ಲಿ ಇದೇ ರಕಾರ ಬಿಟ್ಟವರದೇ ದೊಡ್ಡಸ್ತಿಕೆಯ ಮಾತು, ‘ಫೋತ್ ಫ್ಲೋ’. ಸ್ಕಾಟ್ಲೆಂಡಿನಲ್ಲಿ ಮತ್ತೆ ರಕಾರ ಗಟ್ಟಿ. ಧ್ವನಿಗೆ ತನ್ನದೇ ಮೇಲು ಕೀಳು ಇಲ್ಲ ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

ರಕಾರ ಬಿಡುವುದು ಸೋಮಾರಿತನವೂ ಅಲ್ಲ. ಅದಕ್ಕೆ ಕಟ್ಟುನಿಟ್ಟಾದ ನಿಯಮವಿದೆ. ‘ಕಾರ್’ ಒಂಟಿಯಾಗಿದ್ದರೆ ‘ಕಾ’. ಮುಂದೆ ಸ್ವರ ಬಂದರೆ, ‘ಕಾರ್ ಈಸ್’ ಎನ್ನುವಲ್ಲಿ, ರಕಾರ ಹಾಜರು. ಇನ್ನೂ ಸೊಗಸು ನೋಡಿ: ‘ಲಾ ಅಂಡ್ ಆರ್ಡರ್’ ಎಂಬಲ್ಲಿ ‘ಲಾ’ ಪದಕ್ಕೆ ರಕಾರವೇ ಇಲ್ಲ, ಆದರೂ ಅನೇಕರು ‘ಲಾ ರಂಡ್’ ಎನ್ನುತ್ತಾರೆ. ‘ಮನೆಯನ್ನು’ ಎನ್ನುವಾಗ ನಮಗೆ ಯಕಾರ ಬರುವುದಿಲ್ಲವೇ? ಅವರದು ರಕಾರಾಗಮ. ಆಗಮ ಸಂಧಿ ಕಲಿತ ನಾವು ಅದನ್ನು ತಪ್ಪು ಎನ್ನಬಾರದು.

ಪದಗಳ ಮಾತು ಬೇಗ ಮುಗಿಸುತ್ತೇನೆ, ಗಡಿಯಾರ ಓಡುತ್ತಿದೆ. ಲೀಡ್ಸ್ ವಿಶ್ವವಿದ್ಯಾಲಯದ ಹೆರಾಲ್ಡ್ ಆರ್ಟನ್ ನೇತೃತ್ವದಲ್ಲಿ 1950ರಿಂದ 1961ರವರೆಗೆ ಇಂಗ್ಲೆಂಡಿನ ಉದ್ದಗಲಕ್ಕೆ 313 ಕಡೆ ಆಡುಮಾತು ಸಂಗ್ರಹಿಸಿದರು. ಸಾವಿರಕ್ಕೂ ಮೀರಿದ ಪ್ರಶ್ನೆಗಳು. ಪ್ರಶ್ನೆ ಕೇಳುವವರು ವಸ್ತುವಿನ ಹೆಸರನ್ನು ತಾವಾಗಿ ಬಾಯಿ ಬಿಟ್ಟು ಹೇಳಕೂಡದು. ವಿವರಿಸಿ, ತೋರಿಸಿ, ‘ಇದಕ್ಕೇನಂತೀರಿ?’ ಎನ್ನಬೇಕು. ನಾವೇ ಹೇಳಿಬಿಟ್ಟರೆ ಎದುರಿನವರು ಮರ್ಯಾದೆಗೆ ಅದನ್ನೇ ಒಪ್ಪಿಕೊಳ್ಳುತ್ತಾರೆ, ಅವರ ಪದ ನಮಗೆ ಸಿಗುವುದೇ ಇಲ್ಲ. ಅಂಗೈಯಗಲದ ಒಂದು ದುಂಡನೆ ಬ್ರೆಡ್ಡು, ಮ್ಯಾಂಚೆಸ್ಟರಿನಲ್ಲಿ ಬಾರ್ಮ್, ನಾಟಿಂಗ್‌ಹ್ಯಾಮಿನಲ್ಲಿ ಕಾಬ್, ಕವೆಂಟ್ರಿಯಲ್ಲಿ ಬ್ಯಾಚ್.

‘ಪ್ಯಾಂಟ್ಸ್’ ಎಂದರೆ ಅಮೆರಿಕದಲ್ಲಿ ಷರಾಯಿ, ಲಂಡನ್ನಿನಲ್ಲಿ ಒಳಚಡ್ಡಿ. ಮಹಡಿ ಎಣಿಸುವುದೂ ಬೇರೆ: ಅಮೆರಿಕದವರಿಗೆ ನೆಲದಂತಸ್ತೇ ಒಂದನೆಯದು, ಬ್ರಿಟನ್ನಿನವರಿಗೆ ಅದರ ಮೇಲಿನದು. ಲಬೋವ್ ಕೇಳಿದ ಆ ಫೋರ್ತ್ ಫ್ಲೋರ್, ಲಂಡನ್ನಿನವರ ಲೆಕ್ಕದಲ್ಲಿ ಮೂರನೇ ಮಹಡಿ.